ಪಕ್ಕಾ ಫ್ಲಾಪಿಯ ಹನ್ನೊಂದು ಅಕ್ಷರಗಳು

ಪೂಜಾ, ಚನ್ನವೀರ — ಆ ಪಕ್ಕಾ ಫ್ಲಾಪಿಯಲ್ಲಿದ್ದ ಅಕ್ಷರಗಳನ್ನು ಬದಲಿಸಿದ್ದು ನಿಮ್ಮ ಮುತ್ಯಾ ಅಲ್ಲ. ನಾನು.

ಬರೆದುಬಿಟ್ಟೆ. ಈ ಒಂದು ಸಾಲಿಗೆ ಮೂವತ್ತು ವರ್ಷದ ಮೇಲೆ ಹಿಡಿಯಿತು. ಬಾಯಿಂದಲೇ ಹೇಳೋಣವೆಂದು ನಿನ್ನೆ ಎರಡು ಸಲ ನಿಮ್ಮ ಖೋಲಿಗೆ ಬಂದೆ. ಮೊದಲ ಸಲ ಚಹಾ ಬೇಕೇನು ಎಂದು ಕೇಳಿದೆ, ಎರಡನೆಯ ಸಲ ಏನೂ ಕೇಳದೆ ಹೊರಳಿದೆ. ನನ್ನ ಸ್ವಭಾವ ನಿಮಗೆ ಗೊತ್ತಿದೆ, ನಾಲ್ಕು ಜನ ಕೂತಲ್ಲಿ ನನಗೆ ದನಿಯೇ ಏಳುವುದಿಲ್ಲ. ಆದರೆ ನಿರ್ಣಾದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ಬರೆಯಬಲ್ಲೆ.

ಹೋದ ತಿಂಗಳು ನೀವು ಮಾಳಿಗೆಯಿಂದ ಮುತ್ಯಾನ ಟ್ರಂಕು ಇಳಿಸಿದಿರಿ. ಒಳಗೆ ಇಪ್ಪತ್ತಮೂರು ಫ್ಲಾಪಿಗಳು, ಕರಿ ಹಪ್ಪಳದಂಥವು. ಅವುಗಳನ್ನು ಓದುತ್ತಿದ್ದ, ಶಾಲೆಯವರು ಕೊನೆಗೆ ಮುತ್ಯಾನಿಗೇ ಬಿಟ್ಟುಕೊಟ್ಟಿದ್ದ ಕಂಪ್ಯೂಟರು ಸತ್ತು ಎಷ್ಟೋ ಕಾಲವಾಗಿತ್ತು. ಪೂಜಾ, ನೀನು ಅದರ ಫ್ಲಾಪಿ ಡ್ರೈವನ್ನು ಮಾತ್ರ ಬಿಚ್ಚಿ, ಅಂಗೈಯಗಲದ ಒಂದು ಹಸಿರು ಹಲಗೆಗೆ ತಂತಿ ಕೂಡಿಸಿ, ನಿನ್ನ ಲ್ಯಾಪ್‌ಟಾಪಿಗೆ ಹಚ್ಚಿದೆ. ಇದಕ್ಕೆ ಇಮೇಜ್ ತೆಗೆಯುವುದು ಎನ್ನುತ್ತಾರೆಂದೆ. ಫೋಟೋ ತೆಗೆಯುವುದೇ ಎಂದು ನಾನು ಕೇಳಿದೆ.

“ಫೋಟೋ ಅಲ್ಲ ಆಯಿ. ಫ್ಲಾಪಿ ಮ್ಯಾಲ ಏನೇನದ, ಹ್ಯಾಂಗದ ಹಾಂಗೇ ಇದರಾಗ ಇಳಸ್ಕೋತೀವಿ. ತಪ್ಪಿದ್ರ ತಪ್ಪೂ ಬರ್ತದ.”

ತಪ್ಪೂ ಬರುತ್ತದೆ ಎಂದೆಯಲ್ಲ — ಆಗಲೇ ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಮೊಮ್ಮಕ್ಕಳ ಜೊತೆ ಕೂತಿರುವ ಆಸೆಯೇ ಹೆಚ್ಚಾಯಿತು.

ಎಷ್ಟು ಚಂದದ ದಿನಗಳು ಅವು. ‘ಕಚ್ಚಾ’ ಎಂದು ಮುತ್ಯಾ ಬರೆದಿದ್ದ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಮೊದಲು ನನಗೆ ಕೈ ಹಚ್ಚಬೇಡ ಎಂದಿರಿ, ಆಮೇಲೆ ನೀವೇ ಒರೆಸಲು ಕೊಟ್ಟಿರಿ.

“ಆಯಿದು ಕೈ ನಡಗಂಗಿಲ್ಲ ನೋಡು,” ಎಂದ ಚನ್ನವೀರ. “ನಿನ್ನ ಕೈ ಮೊಬೈಲ್ ಹಿಡದೂ ಹಿಡದೂ ಹಾಳಾಗ್ಯಾವ.”

“ನಿನ್ನವೇನು ನೇಗಿಲ ಹಿಡದಾವೇನು?” ಎಂದೆ ನೀನು, ಪೂಜಾ.

ಹತ್ತಿಗೆ ಸ್ಪಿರಿಟ್ ಹಚ್ಚಿ, ಫ್ಲಾಪಿಯ ಕರಿ ಲಕೋಟೆಯ ಕಿಂಡಿಯಲ್ಲಿ ಕಾಣುವಷ್ಟನ್ನು ಒರೆಸುವುದು, ಬೆರಳಿನಿಂದ ಚೂರು ತಿರುಗಿಸುವುದು, ಮತ್ತೆ ಒರೆಸುವುದು. ಪರದೆಯ ಮೇಲೆ ನಲವತ್ತು ಚೌಕಗಳು. ಓದಲು ಬಂದರೆ ಹಸಿರು, ಬಾರದಿದ್ದರೆ ಕೆಂಪು. ಮೊದಲ ದಿನ ಏಳು ಕೆಂಪು. ಮರುದಿನ ಮೂರು. ಮೂರನೆಯ ದಿನ ನೀನು ಒಂದೇ ಸುತ್ತನ್ನು ಹತ್ತಾರು ಸಲ ಓದಿಸಿದೆ, ಕೊನೆಯ ಚೌಕ ಹಸಿರಾಯಿತು, ಚನ್ನವೀರ ಮಂಚದ ಮೇಲೆ ಹತ್ತಿ ಕುಣಿದ. ಅವನು ಹುಟ್ಟಿದಾಗಿನಿಂದ ನಾನು ಇಷ್ಟು ನಕ್ಕಿರಲಿಲ್ಲ.

‘ಪಕ್ಕಾ’ ಎಂದು ಬರೆದಿದ್ದ ಫ್ಲಾಪಿ ಒಂದೇ ಸಲಕ್ಕೆ ಬಂತು. ಲ್ಯಾಪ್‌ಟಾಪಿನೊಳಗೆ ಮುತ್ಯಾನ ಹಳೆಯ ಕಂಪ್ಯೂಟರೇ ಎದ್ದು ಕೂತಂತೆ ಕಪ್ಪು ಪರದೆ, ‘ಬೀಪ್’ ಎಂಬ ಅದೇ ದನಿ. ಆಮೇಲೆ ಒಂದೊಂದೇ ಕನ್ನಡ ಅಕ್ಷರ. ‘ಳ’ ಬಂದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಮುತ್ಯಾನ ನೆನಪಾಯಿತೆಂದು ನೀವು ತಿಳಿದಿರಿ. ಆ ‘ಳ’ ನನ್ನದಾಗಿತ್ತು.

ಎರಡೂ ಇಮೇಜುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು ನೀನು. ಹನ್ನೊಂದು ಅಕ್ಷರಗಳು ಬೇರೆಯಾಗಿವೆ ಎಂದೆ. ಪಕ್ಕಾ ಫ್ಲಾಪಿಯ ಅಂಚಿನಲ್ಲಿದ್ದ ಕರಿ ಪಟ್ಟಿಯನ್ನು ಉಗುರಿನಿಂದ ಎತ್ತಿ, ಅದರಡಿ ಒಣಗಿದ ಬಿಳಿ ಹೆಪ್ಪನ್ನೂ ತೋರಿಸಿದೆ. “ಯಾರೋ ಈ ಪಟ್ಟಿ ಕಿತ್ತು ಮತ್ತ ಹಚ್ಚ್ಯಾರ. ಫ್ಲಾಪಿ ಈ ಮನ್ಯಾಗೇ ಇತ್ತಲ್ಲ, ಮುತ್ಯಾನೇ ಇರಬೇಕು.”

ತಾನು ಮುಟ್ಟಿಲ್ಲವೆಂದು ಮುತ್ಯಾ ಆಣೆ ಇಟ್ಟ ಕಥೆ ಗೊತ್ತಿದ್ದ ಚನ್ನವೀರ ಆಗ ಕೇಳಿದ, “ಅಂದ್ರ ಮುತ್ಯಾ ಸುಳ್ಳ ಹೇಳಿದ್ನೇನು?”

ನಾನು ಹಾಲು ಉಕ್ಕಿತೆಂದು ಎದ್ದು ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಮುತ್ಯಾ ಮತ್ತು ವೈಜಿನಾಥ ಮಾಸ್ತರ ಜಗಳದ ಕಥೆ ನೀವು ಕೇಳಿದ್ದೀರಿ, ಆದರೆ ಅರ್ಧ ಮಾತ್ರ. ಸರಕಾರದಿಂದ ಹುಮನಾಬಾದಿನ ಶಾಲೆಗೆ ಬಂದ ಕಂಪ್ಯೂಟರನ್ನು ಮುಟ್ಟಲು ಬೇರೆ ಮಾಸ್ತರರು ಹೆದರಿದರು. ಗಣಿತ ಕಲಿಸುತ್ತಿದ್ದ ಕಾಶಿನಾಥ ಮಾಸ್ತರು, ನಿಮ್ಮ ಮುತ್ಯಾ, ಒಪ್ಪಿಕೊಂಡರು. ಬೇಸಿಗೆ ರಜೆಯಲ್ಲಿ ಕಾಯುವವರಿಲ್ಲವೆಂದು ಅದನ್ನು ನಮ್ಮ ಮನೆಯಲ್ಲೇ ಇಡಿಸಿದರು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ವೈಜಿನಾಥ ಮಾಸ್ತರು ಬಸವಕಲ್ಯಾಣದಲ್ಲಿ ಚಿತ್ರಕಲೆ ಕಲಿಸುತ್ತಿದ್ದರು, ಇವರ ಜೀವದ ಗೆಳೆಯ. ಇಬ್ಬರೂ ಕೂಡಿ ಅದಕ್ಕೆ ಕನ್ನಡ ಕಲಿಸಲು ಹೊರಟರು. ಸಣ್ಣ ಮಗು ಒಂದು ಗುಂಡಿ ಒತ್ತಿದರೆ ಸಾಕು, ಪರದೆಯ ತುಂಬ ಅಕ್ಷರ ಮೂಡಬೇಕು — ಅದು ಅವರ ಕನಸು.

ವೈಜಿನಾಥ ಮಾಸ್ತರು ಚೌಕುಳಿ ಹಾಳೆಯಲ್ಲಿ ಚೌಕಗಳನ್ನು ಕಪ್ಪು ಮಾಡಿ ಅಕ್ಷರ ಬಿಡಿಸುತ್ತಿದ್ದರು. ಹದಿನಾರು ಸಾಲು, ಸಾಲಿಗೆ ಹದಿನಾರು ಚೌಕ. ಯಾವ ಚೌಕ ಕಪ್ಪು ಎಂದು ಕಂಪ್ಯೂಟರಿಗೆ ತಿಳಿಸಲು ಒಂದೊಂದು ಸಾಲಿಗೂ ಎರಡು ಅಂಕಿ. ಆ ಅಂಕಿಗಳನ್ನು ಓದುವುದು ನನ್ನ ಕೆಲಸ, ಒತ್ತುವುದು ಇವರ ಕೆಲಸ.

“ವೈನಿ, ಜರಾ ಜೋರ ಓದ್ರಿ,” ಎಂದು ಅತ್ತಿಗೆಗೆ ಹೇಳುವ ಸಲಿಗೆಯಲ್ಲಿ ಹೇಳುತ್ತಿದ್ದರು ವೈಜಿನಾಥ ಮಾಸ್ತರು. “ನೀವು ಮೆಲ್ಲಕ ಅಂದ್ರ ನಮ್ಮ ಕಾಶ್ಯಾ ತನ್ನ ಮನಸ್ಸಿಗಿ ಬಂದದ್ದು ಒತ್ತತಾನ.”

ಹತ್ತು ಅಕ್ಷರ ಓದುವಷ್ಟರಲ್ಲಿ ನನಗೆ ಗುಟ್ಟು ತಿಳಿಯಿತು. ಇದು ರಂಗೋಲಿಯ ಚುಕ್ಕಿಯಲ್ಲದೆ ಬೇರೇನೂ ಅಲ್ಲ. ಅಂಕಿ ಓದಿದ ಕೂಡಲೇ ಗೆರೆ ಕಣ್ಣಮುಂದೆ ನಿಲ್ಲುತ್ತಿತ್ತು. ಮತ್ತೆ ಇನ್ನೊಂದು ಮಾತೂ ತಿಳಿಯಿತು — ಮಾಸ್ತರು ಕುಂಚದಲ್ಲಿ ಎಂಥ ಚಿತ್ರವನ್ನಾದರೂ ಬರೆದಾರು, ಆದರೆ ಚುಕ್ಕಿಯಲ್ಲಿ ದುಂಡು ಹಿಡಿಸಲು ಅವರಿಗೆ ಬಾರದು. ಅವರ ‘ಳ’ ಮುಕ್ಕಾಲಿಯಂತೆ ಕೂತಿತ್ತು. ಹೇಳಬಹುದಿತ್ತು. ಹೇಳಲಿಲ್ಲ — ನಾನು ಯಾರು ಹೇಳಲು ಎಂದುಕೊಂಡೆ.

ಒತ್ತಿದ್ದೆಲ್ಲ ಮೊದಲು ಕಚ್ಚಾ ಫ್ಲಾಪಿಗೆ ಹೋಗುತ್ತಿತ್ತು, ಎಲ್ಲ ಮುಗಿದ ಮೇಲೆ ಅದರ ನಕಲನ್ನು ಪಕ್ಕಾಕ್ಕೆ ಇಳಿಸಿದರು. ಅಷ್ಟರಲ್ಲಿ ಕಚ್ಚಾ ಫ್ಲಾಪಿ ಕೆಟ್ಟು ಓದದಾಯಿತು. ಉಳಿದದ್ದು ಪಕ್ಕಾ ಒಂದೇ. ಅದರ ಅಂಚಿನ ಕಚ್ಚಿಗೆ ಮುತ್ಯಾ ಕರಿ ಪಟ್ಟಿ ಹಚ್ಚಿದರು. ಈ ಪಟ್ಟಿ ಇರುವ ತನಕ ಅದರ ಮೇಲೆ ಯಾರೂ ಬರೆಯಲಾರರು ಎಂದು ನನಗೇ ಹೆಮ್ಮೆಯಿಂದ ವಿವರಿಸಿದರು. ಆಮೇಲೆ ಪರೀಕ್ಷೆಯ ಪೇಪರು ತಿದ್ದಲು ಹತ್ತು ದಿನ ಬೀದರಿಗೆ ಹೋದರು.

ಮೂರನೆಯ ದಿನ ಮಧ್ಯಾಹ್ನ ನಾನು ಕಂಪ್ಯೂಟರಿನ ಧೂಳು ಒರೆಸಲು ಹೋದವಳು — ಇಲ್ಲ, ನಿಮಗೆ ಸುಳ್ಳು ಬರೆಯಲಾರೆ. ಧೂಳು ಇರಲಿಲ್ಲ. ಗುಂಡಿ ಒತ್ತಲೆಂದೇ ಹೋದೆ, ಇವರು ಒತ್ತುವುದನ್ನು ನೋಡಿ ನೋಡಿ ಕಲಿತಿದ್ದೆ. ‘ಳ’ದ ಅಂಕಿಗಳನ್ನು ಅಳಿಸಿ ನನ್ನವನ್ನು ಒತ್ತಿದೆ. ಪರದೆಯ ಮೇಲೆ ದುಂಡಗೆ, ಹೊಟ್ಟೆ ತುಂಬಿಕೊಂಡು, ‘ಳ’ ಬಂದು ನಿಂತಿತು. ಒಲೆಯ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂದರೂ ಏಳಲಿಲ್ಲ. ನನ್ನ ಮದುವೆಯಲ್ಲೂ ನಾನು ಅಷ್ಟು ಸಂತೋಷಪಟ್ಟಿದ್ದೆನೋ ಇಲ್ಲವೋ.

ಫ್ಲಾಪಿ ಬರೆಸಿಕೊಳ್ಳಲು ಒಪ್ಪಲಿಲ್ಲ. ಪಟ್ಟಿ ಕಿತ್ತೆ. ಹತ್ತು ದಿನ ಮುಗಿಯುವಷ್ಟರಲ್ಲಿ ಹನ್ನೊಂದು ಅಕ್ಷರ. ಪಟ್ಟಿ ಮತ್ತೆ ಅಂಟದಿದ್ದಾಗ ಜೋಳದ ಹಿಟ್ಟಿನ ಅಂಬಲಿ ಕಾಸಿ ಹಚ್ಚಿದೆ. ನೀನು ಕಂಡ ಬಿಳಿ ಹೆಪ್ಪು ಅದೇ, ಪೂಜಾ.

ಇವರು ನೋಡುತ್ತಾರೆ, ಕೇಳುತ್ತಾರೆ, ಆಗ ಹೇಳೋಣ ಎಂದುಕೊಂಡಿದ್ದೆ. ಆದರೆ ಇವರು ಬಂದದ್ದೇ ಬಸವಕಲ್ಯಾಣದಲ್ಲಿ ಮಾಸ್ತರರೆಲ್ಲ ಕೂಡಿ ಈ ಅಕ್ಷರಗಳನ್ನು ನೋಡುವ ಮೇಳಾವದ ಹಿಂದಿನ ದಿನ. ತೆರೆದು ನೋಡದೆ ಎಲ್ಲ ಕಟ್ಟಿಕೊಂಡು ಹೊರಟರು. ರೊಟ್ಟಿಯ ಗಂಟು ಹಿಡಿದು ನಾನೂ ಹೋದೆ. ಶಾಲೆಯ ದೊಡ್ಡ ಖೋಲಿಯಲ್ಲಿ, ಹೆಂಗಸರ ಸಾಲಿನ ಹಿಂದೆ ಕೂತೆ. ಅಕ್ಷರಗಳು ಒಂದೊಂದೇ ಬಂದವು. ಬೀದರಿನಿಂದ ಬಂದ ಸಾಹೇಬರೊಬ್ಬರು ಎದ್ದು ಹತ್ತಿರ ಹೋದರು.

“ಈ ‘ಳ’ ಯಾರ ಕೈಯಾಂದ್ರಿ? ಬಹಳ ಖೂಬಸೂರತ್ ಬಂದದ.”

ವೈಜಿನಾಥ ಮಾಸ್ತರು ಪರದೆಯನ್ನೇ ನೋಡುತ್ತಿದ್ದರು. “ನಂದಲ್ರಿ ಸಾಹೇಬ್ರ,” ಎಂದರು.

“ನಂದೂ ಅಲ್ರಿ,” ಎಂದರು ಇವರು.

ಸಾಹೇಬರು ನಕ್ಕರು. ಗೆಳೆಯರಿಬ್ಬರೂ ನಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ವೈಜಿನಾಥ ಮಾಸ್ತರು ಇವರ ತೋಳು ಹಿಡಿದು ನಿಲ್ಲಿಸಿದರು.

“ಕಾಶ್ಯಾ, ನನ್ನ ಅಕ್ಷರ ಛಲೋ ಇಲ್ಲಂದ್ರ ಮುಖದ ಮ್ಯಾಲ ಹೇಳಬೇಕಿತ್ತು. ಅಳಿಸ್ತಿ ಯಾಕ?”

“ಕಸಮ್ ಹಾಕಿ ಹೇಳ್ತೀನಿ, ನಾ ಮುಟ್ಟಿಲ್ಲ. ನೀನೇ ತಿದ್ದಿ ನನಗ ಆಟ ಆಡಸಾಕತ್ತೀ.”

“ಫ್ಲಾಪಿ ಇದ್ದದ್ದು ನಿನ್ನ ಮನ್ಯಾಗ. ನೀ ಮುಟ್ಟಿಲ್ಲಂದ್ರ ಯಾರು ಮುಟ್ಟ್ಯಾರ? ನಿನ್ನ ಹೆಂಡ್ತಿ ಮುಟ್ಟ್ಯಾಳೇನು?”

ಸುತ್ತ ನಿಂತವರೆಲ್ಲ ನಕ್ಕರು. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕೆ. ಇವರು ಹೇಳಿದರು, “ಆಕಿಗೇನು ತಿಳೀತದೋ ಇದರಾಗ, ಸುಮ್ನಿರು.”

ಆ ಗಳಿಗೆಯಲ್ಲಿ ಒಂದೇ ಒಂದು ಮಾತು ಸಾಕಿತ್ತು. ‘ಹೌದ್ರಿ’ ಎಂದಿದ್ದರೆ ಸಾಕಿತ್ತು.

ಹೆದರಿಕೆಯಿಂದ ಸುಮ್ಮನಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸರಕಾರದ ಯಂತ್ರ, ಗಂಡನ ಸಿಟ್ಟು. ಅದು ಅರ್ಧ. ಉಳಿದ ಅರ್ಧ ಇದು: ಸಾಹೇಬರ ಹೊಗಳಿಕೆ ನನ್ನ ಕಿವಿಯಲ್ಲಿ ಬೆಲ್ಲದಂತೆ ಕೂತಿತ್ತು. ಬಾಯಿ ಬಿಟ್ಟರೆ ಅದು ಬೈಗುಳವಾಗಿ ಬದಲಾಗುತ್ತದೆ ಎಂದು ಅದನ್ನು ಬಚ್ಚಿಟ್ಟುಕೊಂಡೆ. ಒಂದು ಹೊಗಳಿಕೆಗಾಗಿ ಇಬ್ಬರ ಗೆಳೆತನ — ಮುಂದೆ ಬರೆಯಲು ಕೈ ಬರುವುದಿಲ್ಲ. ಅವರು ಮತ್ತೆ ಮಾತಾಡಲಿಲ್ಲ. ನಿಮ್ಮ ಮುತ್ಯಾ ಹೋದ ದಿನ ವೈಜಿನಾಥ ಮಾಸ್ತರು ಬಂದರು, ಹೂವಿನ ಹಾರ ಹಾಕಿದರು, ನೀರು ಸಹ ಕುಡಿಯದೆ ಹೋದರು. ಆಗಲೂ ನಾನು ಹೇಳಲಿಲ್ಲ.

ಮೊನ್ನೆ ಸೋಮವಾರ ಘಾಟಬೋರಾಳಕ್ಕೆ, ಬೀಗರ ಮನೆಗೆ ಹೋಗಿ ಬರುತ್ತೇನೆಂದು ನಿಮಗೆ ಹೇಳಿದೆನಲ್ಲ — ಬಸವಕಲ್ಯಾಣದ ಬಸ್ಸು ಹತ್ತಿದೆ. ಈ ವಯಸ್ಸಿನಲ್ಲಿ ಒಬ್ಬಳೇ, ಮೊದಲ ಸಲ. ಎರಡೂ ಫ್ಲಾಪಿಯ ಅಕ್ಷರಗಳು ಕಾಣುವಂತೆ ನೀವು ಮಾಡಿಕೊಟ್ಟ ಫೋನು ಸೆರಗಿನಲ್ಲಿತ್ತು. ವೈಜಿನಾಥ ಮಾಸ್ತರು ಈಗ ಬಹಳ ಹಣ್ಣಾಗಿದ್ದಾರೆ. ಸೊಸೆ ನೀರು ತರಲು ಒಳಗೆ ಹೋದಾಗ ಹೇಳಿಬಿಟ್ಟೆ.

“ಆ ಅಕ್ಷರ ನಾ ತಿದ್ದೀನ್ರಿ. ಅವರು ಮುಟ್ಟಿಲ್ಲ. ಅವರು ಸುಳ್ಳ ಹೇಳಿಲ್ಲ.”

ಅವರು ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ, “ಕಾಶ್ಯಾ ಇದ್ದಾಗ ಹೇಳಬೇಕಿತ್ತು ವೈನಿ,” ಎಂದರು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ಫೋನು ತೆಗೆದು ಕಚ್ಚಾ ಫ್ಲಾಪಿಯ ಅಕ್ಷರ ತೋರಿಸಿದೆ. ಅವರ ಕಣ್ಣು ಅರಳಿತು. “ಇವು ಇನ್ನಾ ಅದಾವೇನು? ಹಾಳಿ ಎಲ್ಲಾ ಸಿಟ್ಟಿಲೆ ನೀರಿನ ಒಲಿಗಿ ಹಾಕಿದ್ದೆ ನಾ.” ಫೋನು ಕಣ್ಣಿನ ತೀರ ಹತ್ತಿರ ಹಿಡಿದು ಒಂದೊಂದನ್ನೇ ನೋಡಿದರು. ‘ಖ’ ಬಂದಾಗ ನಗು ತಡೆಯಲಿಲ್ಲ. “ಛೀ, ಇದೇನು ಮುರದ ಖುರ್ಚಿ ಇದ್ದಂಗ ಅದ. ಅಲ್ರಿ ವೈನಿ, ಇದನ್ನೂ ತಿದ್ದಬಾರದಿತ್ತೇನು?”

“ಅಷ್ಟರಾಗ ಅವರು ಬೀದರಿಂದ ಬಂದ್ರು,” ಎಂದೆ.

ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಅವರು ಕಣ್ಣೊರೆಸಿಕೊಂಡರು. “ಆ ದಿನ ನನಗ ಸಿಟ್ಟ ಯಾಕ ಬಂದಿತ್ತು ಗೊತ್ತದೇನ್ರಿ? ಆ ‘ಳ’ ನಂದಕ್ಕಿಂತ ಛಂದ ಇತ್ತು. ಕಾಶ್ಯಾಗ ಇದು ಎಲ್ಲಿಂದ ಬಂತು ಅಂತ ಹೊಟ್ಟಿ ಉರದಿತ್ತು.”

ಬರುವ ಐತವಾರ ಅವರು ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಅವರಿಗೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ದೊಡ್ಡದಾಗಿ ನೋಡಬೇಕಂತೆ. ಆ ದಿನ ನಾನು ಎಲ್ಲರ ಮುಂದೆ ಕೂತು ನನ್ನ ಬಾಯಿಂದಲೇ ಹೇಳುತ್ತೇನೆ. ಅವರು ನಕ್ಕರೆಂದು ನನ್ನ ತಪ್ಪು ಸಣ್ಣದಾಗಲಿಲ್ಲ. ನಗಬೇಕಿದ್ದ ಇನ್ನೊಬ್ಬರು ಇಲ್ಲ.

ಇಮೇಜಿನ ಜೊತೆ ಇಡಲು ನೀವು ಬರೆಯುತ್ತಿರುವ ಚೀಟಿಯಲ್ಲಿ ಹೀಗೆ ಬರೆಯಿರಿ: ಪ್ರೋಗ್ರಾಮು ಕಾಶಿನಾಥರದು, ಅಕ್ಷರ ವೈಜಿನಾಥರವು, ಹನ್ನೊಂದನ್ನು ಇಬ್ಬರನ್ನೂ ಕೇಳದೆ ಬದಲಿಸಿದವಳು ಮಹಾನಂದಾ. ಎರಡೂ ಇಮೇಜುಗಳನ್ನು ಇಡಿ. ಅವರ ‘ಖ’ವನ್ನು ಯಾರೂ ತಿದ್ದಬೇಡಿ.

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ನನ್ನ ನೆನಪಿಗೆಂದಲ್ಲ. ಮುಂದೆ ಯಾರಾದರೂ ಆ ಎರಡು ಫ್ಲಾಪಿಗಳನ್ನು ನೋಡಿ ಚನ್ನವೀರ ಕೇಳಿದಂತೆಯೇ ಕೇಳಿಯಾರು. ಫ್ಲಾಪಿ ಅವರಿಗೆ ಉತ್ತರ ಕೊಡಲಾರದು. ನಿಮ್ಮ ಮುತ್ಯಾ ಆಣೆ ಇಟ್ಟು ಹೇಳಿದ್ದು ನಿಜ ಎಂದು ಬರೆದಿರುವುದು ಇಲ್ಲಿ ಮಾತ್ರ.