ಅಗ್ನಿಮೂಲೆಯ ಜನರೇಟರ್

ಡೀಸೆಲ್ ವಾಸನೆ ಒಮ್ಮೆ ಕೈಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ. ಬೆಳಿಗ್ಗೆ ಬಂಕಿನಿಂದ ಕ್ಯಾನು ತುಂಬಿಸಿ ತಂದು ಎರಡು ಸಲ ತೊಳೆದುಕೊಂಡೆ. ಇದನ್ನು ಬರೆಯುತ್ತಿರುವ ಬೆರಳುಗಳಲ್ಲಿ ಇನ್ನೂ ಅದೇ ಘಾಟು. ಹೋದ ವರ್ಷ ನಾನು ಮಾಡಿದ ಘನಂದಾರಿ ಕೆಲಸ ನೆನಪಾಯಿತು. ಹೇಳುತ್ತೇನೆ, ನಗು ಬಂದರೆ ನಕ್ಕುಬಿಡಿ.

ನಮ್ಮ ಅಕ್ಕನನ್ನು ಹನುಮಸಾಗರಕ್ಕೆ ಕೊಟ್ಟಿದ್ದು. ನ್ಯುಮೋನಿಯಾ ಆಗಿ ಆಸ್ಪತ್ರೆಯಿಂದ ಹೊರಬಂದ ಮೇಲೆ ಅವಳನ್ನು ಗಂಗಾವತಿಯ ನಮ್ಮ ಮನೆಗೇ ಕರೆತಂದೆ. ಜೊತೆಗೆ ಬಂದದ್ದು, ಕೋಣೆಯ ಗಾಳಿಯಿಂದ ಆಕ್ಸಿಜನ್ ತೆಗೆದು ಮೂಗಿಗೆ ಕೊಡುವ ಕರೆಂಟಿನ ಮಷಿನ್. ಇದು ನಿಲ್ಲಬಾರದು ಎಂದರು ಡಾಕ್ಟರು. ಆ ಮಾತನ್ನು ನಮ್ಮ ಓಣಿಯ ಕರೆಂಟಿಗೆ ಹೇಳುವವರು ಯಾರು? ಕರೆಂಟ್ ಹೋದಾಗ ಸಣ್ಣ ಸಿಲಿಂಡರ್ ಹಚ್ಚುತ್ತಿದ್ದೆವು. ಅದರ ಮುಳ್ಳು ಇಳಿಯುವುದನ್ನು ನೋಡುತ್ತ ಕುಳಿತರೆ ನನಗೇ ಉಸಿರು ಕಟ್ಟಿದಂತಾಗುತ್ತಿತ್ತು.

ಜನರೇಟರ್ ತರುವುದೆಂದಾಯಿತು. ರೈಸ್ ಮಿಲ್ಲಿನಲ್ಲಿ ಆಯುಷ್ಯ ಕಳೆದವನು ನಾನು. ನೆಲ ಅದುರದಿದ್ದರೆ ಅದು ಮಷಿನ್ನೇ ಅಲ್ಲ ಎಂಬ ತಿಳಿವಳಿಕೆ. ಮೂವತ್ತು ಕೆವಿಎದ್ದೇ ಇರಲಿ ಎಂದೆ. ವೈರಿಂಗ್ ಮಾಡುವ ಮೌಲಾಸಾಬ ನಮ್ಮ ಮನೆಯ ಫ್ಯಾನು, ಫ್ರಿಜ್ಜು, ಬೋರಿನ ಮೋಟರು ಎಲ್ಲ ಬರೆದುಕೊಂಡು ಲೆಕ್ಕ ಹಾಕಿದ.

"ಹದಿನೈದರದ್ದ ಸಾಕ್ರಿ ಅಣ್ಣಾರ, ಮೂವತ್ತು ಬ್ಯಾಡ. ಎಂಜಿನ್ನಿಗೆ ಕೆಲಸ ಕಡಿಮಿ ಆದ್ರ ಹೊಗಿ ಜಾಸ್ತಿ ಉಗುಳತೈತಿ."

ಅಳತೆಯಲ್ಲಿ ಸೋತೆ, ಜಾಗದಲ್ಲಿ ಸೋಲಲಿಲ್ಲ. ಬೆಂಕಿಯ ಸಾಮಾನೆಲ್ಲ ಅಗ್ನಿಮೂಲೆಯಲ್ಲೇ, ಅಂದರೆ ಆಗ್ನೇಯದಲ್ಲೇ ಇರಬೇಕೆಂಬುದು ಮನೆ ಕಟ್ಟಿಸಿದಾಗಿನಿಂದ ನನ್ನ ಹಟ. ಅಕ್ಕನ ಕೋಣೆಯ ಕಿಟಕಿ ತೆರೆಯುವುದೂ ಅಲ್ಲಿಗೇ. ಹೊಗೆ ಒಳಗೆ ಬರುತ್ತದೆ ಎಂದು ಮೌಲಾಸಾಬ ಹೇಳಿದ. "ವಾಸ್ತುದಾಗ ನೀ ಕೈ ಹಾಕಬ್ಯಾಡ" ಎಂದುಬಿಟ್ಟೆ. ಅವನು ಅಲ್ಲೇ ಅಳತೆ ಹಿಡಿದ.

ಒಂದು ವಿಷಯದಲ್ಲಿ ಮಾತ್ರ ಅವನೂ ಜಗ್ಗಲಿಲ್ಲ. ಬೀದಿಯ ಲೈನನ್ನೂ ಜನರೇಟರನ್ನೂ ಒಂದಕ್ಕೊಂದು ಕೂಡದಂತೆ ಬೇರೆ ಇಡುವ ಚೇಂಜ್‌ಓವರ್ ಸ್ವಿಚ್ ಬರುವುದು ಎರಡು ದಿನ ತಡ ಎಂದಾಗ, ಅದಿಲ್ಲದೆಯೇ ಜೋಡಿಸು ಎಂದೆ.

"ಕಂಬದ ಮ್ಯಾಲೆ ಲೈನ್‌ಮನ್ ಇರ್ತಾನ್ರಿ. ನಿಮ್ಮ ಕರೆಂಟ್ ಹಿಂದಕ್ಕ ಹೋಗಿ ಅವನ್ನ ಹಿಡೀತೈತಿ. ಸ್ವಿಚ್ ಬರೂತನಕ ನಾ ವೈರ್ ಮುಟ್ಟಂಗಿಲ್ಲ."

ಸ್ವಿಚ್ ಬಂತು. ನಿಂಬೆಹಣ್ಣು ಕೊಯ್ದು, ಕಾಯಿ ಒಡೆದು ಚಾಲೂ ಮಾಡಿದೆವು. ಮಿಲ್ಲಿನ ಸದ್ದೇ ಮನೆಗೆ ಬಂದಂತಾಗಿ ಎದೆ ಉಬ್ಬಿಸಿ ನಿಂತೆ. ಐದು ನಿಮಿಷ ಆಗಿರಲಿಲ್ಲ, ಕೋಣೆಯಿಂದ ಅಕ್ಕನ ಕೆಮ್ಮು. ಓಡಿಹೋಗಿ ನೋಡಿದರೆ ಒಳಗೆಲ್ಲ ಹೊಗೆ. ಮಷಿನ್ ನಿಂತಿರಲಿಲ್ಲ, ಕೋಣೆಯ ಗಾಳಿಯನ್ನು, ಅಂದರೆ ನನ್ನ ಹೊಗೆಯನ್ನೇ, ಎಳೆದು ಎಳೆದು ಅವಳಿಗೆ ಕೊಡುತ್ತಿತ್ತು. ಅವಳ ತುಟಿ ನೀಲಿಗಟ್ಟಿದ್ದು ಕಂಡು ಬಂದ್ ಮಾಡೋ ಎಂದು ಕೂಗಿದೆ.

ಮೌಲಾಸಾಬ ಎಂಜಿನ್ ಬಂದ್ ಮಾಡಿದ. ಅಕ್ಕನನ್ನು ಪಡಸಾಲೆಗೆ ಎತ್ತಿ ತಂದು ಸಿಲಿಂಡರ್ ಹಚ್ಚಿದೆವು. ಅವಳು ಸುಧಾರಿಸಿಕೊಳ್ಳುವ ತನಕ ಯಾರೂ ನನ್ನ ಮುಖ ನೋಡಲಿಲ್ಲ. ಆಮೇಲೆ ನನ್ನ ಹೆಂಡತಿ ಅವನನ್ನು ಕೇಳಿದಳು, "ಹೊಗಿ ಒಳಗ ಬರದಂಗ ಎಲ್ಲಿ ಇಡಬೇಕಪಾ?"

"ಗಾಳಿ ನೋಡಿದ್ರ ಈಶಾನ್ಯದಾಗ ಇಡಬೇಕ್ರಿ ವೈನೀರ."

"ಅದು ದೇವಮೂಲಿ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಅಂಗಳಕ್ಕಿಳಿದು ಆ ಮೂಲೆಯಲ್ಲಿದ್ದ ತುಳಸಿ ಕುಂಡಕ್ಕೆ ಕೈ ಹಾಕಿದ್ದಳು.

"ದೇವರಿಗೆ ಕೆಮ್ಮು ಬರಂಗಿಲ್ರಿ. ಅಕ್ಕಾರಿಗೆ ಬರತೈತಿ."

ನಾನು ಕುಂಡದ ಇನ್ನೊಂದು ಬದಿ ಹಿಡಿದೆ. ಮೌಲಾಸಾಬ ಆಳು ಹಚ್ಚಿ ಜನರೇಟರನ್ನು ಅಲ್ಲಿಗೆ ಸಾಗಿಸಿದ, ಅಂಗಳ ಅಗೆದು ಉದ್ದಕ್ಕೂ ಕೇಬಲ್ ಹೂಳಿದ, ಅರ್ಥಿಂಗ್ ಕೊಟ್ಟ, ಹೊಗೆಯ ಕೊಳವೆಯನ್ನು ಮಾಳಿಗೆಗಿಂತ ಮೇಲಕ್ಕೆ ಏರಿಸಿದ. ಅವನ ಕ್ಷಮೆ ಕೇಳಿದೆ. ಚಹಾ ತರಿಸ್ರಿ ಅಂದ.

ಇಷ್ಟು ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಪೆನ್ನು ಬಿಸಾಕಿ ಎದ್ದು ಓಡಿದೆ. ಪಡಸಾಲೆಯಲ್ಲಿ ಅಕ್ಕ ಮೆಂತ್ಯೆಪಲ್ಯದ ಎಲೆ ಬಿಡಿಸುತ್ತ ಕುಳಿತಿದ್ದಳು. ಮೂಗಿನಲ್ಲಿ ನಳಿಕೆ ಇಲ್ಲ. ಈ ವಾರದಿಂದ ಹಗಲು ಮಷಿನ್ ಬೇಡ ಎಂದು ಡಾಕ್ಟರು ಹೇಳಿದ್ದು ನನ್ನ ಕಾಲುಗಳಿಗೆ ಇನ್ನೂ ತಿಳಿದಿಲ್ಲ.

"ಎಲ್ಲಿಗೆ ಓಡ್ತಿಯೋ? ಕೂಡು. ಕರೆಂಟ್ ಬಂದಾಗ ಬರಲಿ."

ಕುಳಿತೆ. ಫ್ಯಾನು ನಿಂತ ಮನೆಯಲ್ಲಿ ಅವಳ ಉಸಿರು ಕೇಳುತ್ತಿತ್ತು. ಬಹಳ ಹೊತ್ತು ಕಿವಿಗೊಟ್ಟು ಕೇಳಿದೆ, ಒಮ್ಮೆಯೂ ತಡವರಿಸಲಿಲ್ಲ.