ಕೆರೆ ದಂಡೆಯ ಇಪ್ಪತ್ನಾಲ್ಕನೆಯ ಸೆಲ್

ಇಪ್ಪತ್ಮೂರು ಸತ್ತಿವೆ. ಇಪ್ಪತ್ನಾಲ್ಕನೆಯದು ಇನ್ನೂ ಬದುಕಿದೆ!

ಗಾಬರಿ ಬೇಡ. ಡೈರಿಯಲ್ಲಿ ನಾನು ಲೆಕ್ಕ ಇಡುತ್ತಿರುವುದು ಸೋಲಾರ್ ಸೆಲ್‌ಗಳದ್ದು. ಪೆರೋವ್‌ಸ್ಕೈಟ್ ಎಂಬ ಹರಳನ್ನು ಗಾಜಿನ ಮೇಲೆ ತೆಳ್ಳಗೆ ಬಳಿದು ಬಿಸಿಲಿನಿಂದ ಕರೆಂಟ್ ತೆಗೆಯುವುದು ಧಾರವಾಡದ ಲ್ಯಾಬಿನಲ್ಲಿ ನನ್ನ ಕೆಲಸ. ಚೆನ್ನಾಗಿ ಓಡುವ ಪೆರೋವ್‌ಸ್ಕೈಟ್‌ನಲ್ಲಿ ಸೀಸ ಇರುತ್ತದೆ. ಸೀಸ ವಿಷ. ಹಾಗಾಗಿ ನಾನು ತವರ ಹಾಕುತ್ತೇನೆ. ತವರದ್ದಕ್ಕೆ ಗಾಳಿ ತಾಗಿತೋ, ಮುಗಿಯಿತು. (ಹೆಚ್ಚಿನವುಗಳ ಆಯುಷ್ಯ ಎರಡು ದಿನ.)

ಇಪ್ಪತ್ನಾಲ್ಕನೆಯದು ಲ್ಯಾಬಿನಲ್ಲಿ ವಾರ ದಾಟಿತು. ನಮ್ಮ ಶಲವಡಿಯ ಬಿಸಿಲು ತಡೆದೀತೇ? ಹೋದ ಸೋಮವಾರ ಊರಿಗೆ ತಂದೆ. ಹೋಲಿಸಿ ನೋಡಲು ಸೀಸದ ಸೆಲ್ಲೂ ಒಂದು. ಕುಡಿಯುವ ನೀರಿನ ಕೆರೆ ದಂಡೆಯ ಪಂಪ್‌ಹೌಸ್ ಮಾಳಿಗೆಗಿಂತ ಒಳ್ಳೆಯ ಬಿಸಿಲು ಎಲ್ಲಿದೆ?

ಕುಡಿಯುವ ನೀರೆಂದು ಎಲ್ಲರಂತೆ ಕೆಳಗೇ ಚಪ್ಪಲಿ ಬಿಟ್ಟು ಕೆರೆಯ ಏರಿ ಹತ್ತಿದೆ. ಕೆರೆ ಕಾಯುವ ಬಸಣ್ಣ ಕಾಕಾ ಎದ್ದು ಬಂದರು.

"ಏನವಾ ಅದು ಕೈಯಾಗ?"

"ಸೋಲಾರ್ ರೀ ಕಾಕಾ. ಒಂದರಾಗ ತವರ ಐತ್ರಿ, ಒಂದರಾಗ ಸೀಸ."

"ಮಂಗ್ಯಾ ಎತ್ತಿ ಒಗದು ಒಡದ್ರ, ಒಳಗಿಂದು ಎಲ್ಲಿಗ್ ಹೊಕ್ಕೈತಿ?"

ಹೊದಿಕೆ ಗಟ್ಟಿಯಿದೆ, ಸೀಸ ಚಿಟಿಕೆಯಷ್ಟೂ ಇಲ್ಲ ಅಂದೆ.

"ಚಿಟಿಕಿ ಇಲ್ಲಂತ. ಇಡೀ ಊರು ಕುಡಿಯೂ ನೀರಿಗೆ ನೀ ಅಳತಿ ಹೇಳ್ತಿ ಏನ ಬೇ? ತವರದ್ದು ಒಂದ ಇಡು, ಅದೂ ಪರಾತದಾಗ. ಒಡದ್ರ ಚೂರು ಅಲ್ಲೇ ಉಳೀತಾವು. ಇನ್ನೊಂದು ತಗೊಂಡ ನಡಿ!"

ಹೋಲಿಕೆ ಇಲ್ಲದ ಪ್ರಯೋಗಕ್ಕೆ ನಮ್ಮ ಗೈಡ್ ಕವಡೆ ಕಾಸಿನ ಬೆಲೆಯನ್ನೂ ಕೊಡುವುದಿಲ್ಲ. ಆದರೂ ಸೀಸದ ಸೆಲ್ ಡಬ್ಬಿ ಸೇರಿತು. ಕಾಕಾ ಮನೆಯಿಂದ ಹಿಟ್ಟು ನಾದುವ ಪರಾತ ತಂದರು. ಸೆಲ್‌ನ ಕರೆಂಟ್ ಅಳೆಯುವ ಮೀಟರ್ ನೋಡುವುದನ್ನೂ ಕಲಿತರು.

ನಾನು ಧಾರವಾಡಕ್ಕೆ ಮರಳಿದೆ; ಈಗ ದಿನಾ ಮಟಮಟ ಮಧ್ಯಾಹ್ನ ಅವರ ಫೋನ್. ಮೊದಲು ಅಂಕಿ, ಆಮೇಲೆ ಸುದ್ದಿ: "ಇನ್ನೂ ಜೀವ ಐತಿ ನೋಡವಾ! ಅಗದಿ ಗಟ್ಟಿ ಕೂಸು!" ಇವತ್ತಿಗೆ ಆರು ದಿನ. ಅಂಕಿ ಕೂದಲೆಳೆಯಷ್ಟೇ ಇಳಿದಿದೆ. ನಾನು ಲ್ಯಾಬಿನ ಕಾರಿಡಾರಿನಲ್ಲಿ ಕುಣಿದದ್ದನ್ನು ಇಬ್ಬರು ನೋಡಿದ್ದಾರೆ. (ಡೈರಿಯಲ್ಲಿ ಅದೂ ಇದೆ.)

ಅದೇ ಡೈರಿಯ ಮೊದಲ ಪುಟದಲ್ಲಿ 'ಸೀಸ ವಿಷ, ಅದಕ್ಕೇ ಈ ಕೆಲಸ' ಎಂದು ಬರೆದಿಟ್ಟವಳೂ ನಾನೇ. ಚಪ್ಪಲಿಯನ್ನು ಕೆಳಗೇ ಬಿಟ್ಟ ನಾನು ಸೀಸವನ್ನು ಏರಿಯವರೆಗೆ ತಂದದ್ದು ಹೇಗೆ?