ಕೊಳಕ್ಕೆ ಕ್ಷೌರ ಮಾಡಿದವನು

ನಮ್ಮ ಬೀದಿಯ ಕ್ಷೌರಿಕನ ಹೆಸರು ಅವನಿಗೇ ಮರೆತುಹೋಗಿರಬೇಕು. ಎಲ್ಲರೂ ಕರೆಯುವುದು ನುಣುಪಣ್ಣ ಎಂದೇ. ಅವನ ಸಾಮ್ರಾಜ್ಯದಲ್ಲಿ ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ. ಆ ಕನ್ನಡಿಯಲ್ಲಿ ಬೀದಿಯಾಚೆಯ ಕೊಳ ಇಡಿಯಾಗಿ ಕಾಣುತ್ತಿತ್ತು. ಗಿರಾಕಿಯ ಕಿವಿಯ ಪಕ್ಕ ಮೂವತ್ತು ವರ್ಷ ಅದನ್ನೇ ನೋಡುತ್ತ ಬಂದವನಿಗೆ ದಡದ ಜೊಂಡು, ಹುಲ್ಲು, ಪೊದೆ ಕಣ್ಣಿಗೆ ಚುಚ್ಚುತ್ತಿದ್ದವು. “ಥೂ, ಎಂಥ ಗಡ್ಡ ಬಿಟ್ಟಿದೆ ನೋಡ್ರೀ!” ಎಂದು ಕೊಳವನ್ನು ಬೈಯುತ್ತಿದ್ದ.

ಅಂಗಡಿಯವರೇ ತಮ್ಮ ಎದುರಿನ ಜಾಗ ಚೊಕ್ಕಟವಾಗಿಡಬೇಕು ಎಂದು ನಗರಸಭೆಯವರು ಹೇಳಿದ್ದೇ ತಡ, ನುಣುಪಣ್ಣ ಕುಡುಗೋಲು ಹಿಡಿದು ದಂಡೆತ್ತಿ ಹೋದ. ಮೂರೇ ವಾರದಲ್ಲಿ ಶತ್ರುಪಡೆ ನೆಲಕಚ್ಚಿತು. ಕೊಳ ಮದುಮಗನ ಕೆನ್ನೆಯಂತೆ ಮಿರಮಿರ ಮಿಂಚತೊಡಗಿತು. ಅಳಿದುಳಿದ ಕುರುಚಲನ್ನು ಬಗ್ಗಿ ಕೂತು ಕತ್ತರಿಯಿಂದಲೇ ತೆಗೆದನೆಂದು ಅಂಚೆಯಣ್ಣ ಆಣೆ ಮಾಡಿ ಹೇಳುತ್ತಾನೆ.

ಅದರ ಮರುವಾರವೇ ಎಲ್ಲಿಂದಲೋ ಒಂದು ಕಾಡುಬಾತು ಹನ್ನೊಂದು ಮರಿಗಳನ್ನು ಕಟ್ಟಿಕೊಂಡು ಬಂದು ನೀರಿಗಿಳಿಯಿತು. ನುಣುಪಣ್ಣ ಹಿಗ್ಗಿ ಹೀರೇಕಾಯಿಯಾದ. “ಜಾಗ ಚೊಕ್ಕಟ ಇದ್ರೆ ಮರ್ಯಾದಸ್ಥರು ತಾವಾಗೇ ಬರ್ತಾರೆ!”

ಮರುದಿನ ಮರಿಗಳು ಹತ್ತಾದವು. ಆಮೇಲೆ ಎಂಟು. ಶುಕ್ರವಾರದ ಹೊತ್ತಿಗೆ ಆರು.

ನುಣುಪಣ್ಣನಿಗೆ ಊಟ ಸೇರದಾಯಿತು. ಬೇಕರಿಯವನ ಹಳದಿ ಬೆಕ್ಕೇ ಕಳ್ಳನೆಂದು ತೀರ್ಪು ಕೊಟ್ಟು, ಕೊಡೆಯನ್ನು ಕತ್ತಿಯಂತೆ ಹಿಡಿದು ಎರಡು ದಿನ ಬೇಕರಿಯ ಬಾಗಿಲಿಗೆ ಮುತ್ತಿಗೆ ಹಾಕಿದ. ಆ ಎರಡು ದಿನವೂ ಬೆಕ್ಕು ಹಿಟ್ಟಿನ ಮೂಟೆಯ ಮೇಲೆ ಗೊರಕೆ ಹೊಡೆಯಿತು. ಇತ್ತ ಇನ್ನೊಂದು ಮರಿ ಮಾಯವಾಯಿತು.

ಆ ಸಂಜೆ ಅವನು ಅಂಚೆಯಣ್ಣನ ಅರ್ಧ ಗಡ್ಡ ಕೆರೆದಿದ್ದಾಗ ಮಹಡಿಯಿಂದ ಅಕ್ಕನ ಕೂಗು ಕೇಳಿತು. “ಲೋ, ಇಲ್ಲಿ ಬಾರೋ!” ನುಣುಪಣ್ಣ ಮೆಟ್ಟಿಲು ಹತ್ತಿ ಓಡಿದ.

ಅವನ ಅಕ್ಕ ನಿವೃತ್ತ ನರ್ಸ್. ಮಂಡಿನೋವಿನಿಂದಾಗಿ ಈಗ ಅವಳ ವಾರ್ಡು ಕಿಟಕಿಯ ಪಕ್ಕದ ಕುರ್ಚಿಯಷ್ಟೇ. ಮರಿಗಳು ಕಡಿಮೆಯಾಗುತ್ತಿವೆ ಎಂದು ಗೊತ್ತಾದಂದಿನಿಂದ ಅವಳು ರೋಗಿಯ ಜ್ವರ ಬರೆದಿಡುವಂತೆ ಹಾಳೆಯೊಂದರಲ್ಲಿ ಎಲ್ಲ ಬರೆದಿಟ್ಟಿದ್ದಳು.

“ಓದ್ತೀನಿ ಕೇಳು. ಶುಕ್ರವಾರ ಬೆಳಗ್ಗೆ ಏಳೂ ಹತ್ತು, ಕಾಗೆ, ಒಂದು. ಹತ್ತೂವರೆ, ಹದ್ದು, ಒಂದು. ನಿನ್ನೆ ಮಧ್ಯಾಹ್ನ ಮತ್ತೆ ಕಾಗೆ. ಮಕ್ಕಳು ಎಸೆಯೋ ಬ್ರೆಡ್ಡಿಗೆ ಕಾಗೆಗಳ ಸಂತೆನೇ ಸೇರುತ್ತೆ.”

“ಹಾಗಾದ್ರೆ ಬೆಕ್ಕು?”

“ಬೆಕ್ಕಿನ ತಪ್ಪೇನೂ ಇಲ್ಲ. ಹದ್ದಿನ ನೆರಳು ಬಿದ್ದ ಕೂಡ್ಲೇ ಆ ತಾಯಿ ಮರಿಗಳನ್ನ ದಡಕ್ಕೆ ಓಡಿಸ್ತಾಳೆ ಕಣೋ. ದಡದಲ್ಲಿ ಏನಿದೆ? ಬೋಳು! ಅವಿತುಕೊಳ್ಳೋಕೆ ಒಂದೆಳೆ ಹುಲ್ಲಿಲ್ಲ. ನೀನು ಬೋಳಿಸಿದ್ದು ಗಡ್ಡ ಅಲ್ಲ ತಮ್ಮಾ, ಅವುಗಳ ಮನೆ.”

ನುಣುಪಣ್ಣ ಕಿಟಕಿಯಿಂದ ಬೋಳು ದಡ ನೋಡಿ ಕಣ್ಣೊರೆಸಿಕೊಂಡ. ಅವನ ಕೈಯಲ್ಲಿ ಸೋಪು ಒಣಗತೊಡಗಿತು.

“ಆಮೇಲೆ ಅಳು. ಈಗ ಐದಿವೆ,” ಎಂದು ಕಿಟಕಿಯತ್ತ ತಿರುಗಿದ ಅಕ್ಕ ಕಿರುಚಿದಳು. “ಅಯ್ಯೋ, ಮೋರಿ ಕೊಳವೆ! ನೀರು ಒಂದು ಮರಿನ ಅದರ ಕಡೆ ಎಳ್ಕೊಂಡು ಹೋಗ್ತಿದೆ!”

ಹೆಚ್ಚುವರಿ ನೀರು ಹರಿದುಹೋಗುವ ಕೊಳವೆಯ ಬಾಯಿಗೆ ಅಡ್ಡವಾಗಿದ್ದ ಜೊಂಡನ್ನೂ ಅವನೇ ಕಿತ್ತಿದ್ದ. ಮೊದಲು ನುಣುಪಣ್ಣ, ಹಿಂದೆಯೇ ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆ ನೊರೆ ಮೆತ್ತಿದ ಅಂಚೆಯಣ್ಣ. ಮೋಟಾರಿನವರು ಗಾಡಿ ನಿಲ್ಲಿಸಿ ನೋಡುವಂತೆ ಬೀದಿ ದಾಟಿ ಓಡಿದರು. ನುಣುಪಣ್ಣ ಸೊಂಟದ ಮಟ್ಟ ನೀರಿಗೆ ಧುಮುಕಿ ಕೊಳವೆಯೊಳಗೆ ತೋಳು ತೂರಿಸಿದ. ಬೆರಳಿಗೆ ಸಿಕ್ಕಿದ್ದು ಬರೀ ತಣ್ಣನೆ ನೀರು.

ನಾಲ್ಕು ಉಳಿದವು.

“ಈ ನಾಲ್ಕನ್ನ ಮನೆಗೆ ತಗೊಂಡು ಹೋಗೋಣ್ವಾ?” ಎಂದು ಅಂಚೆಯಣ್ಣ ಕೇಳಿದ.

“ಮುಟ್ಟಬೇಡಿ! ತಾಯಿ ಇದ್ದಾಳಲ್ಲ, ಅವಳಿಗಿಂತ ಚೆನ್ನಾಗಿ ಸಾಕ್ತೀರಾ?” ಕಿಟಕಿಯಿಂದ ಅಪ್ಪಣೆ ಬಂತು.

ಕತ್ತಲಾಗುವ ಮುಂಚೆಯೇ ಕೊಳವೆಯ ಬಾಯಿಗೆ ತಂತಿ ಬಲೆ ಬಿಗಿದರು. ಕಡಿದು ರಾಶಿ ಹಾಕಿದ್ದ ಪೊದೆಯ ರೆಂಬೆಗಳನ್ನೆಲ್ಲ ನುಣುಪಣ್ಣ ಒಂದೊಂದಾಗಿ ಹೊತ್ತು ತಂದು ನೀರಿನಂಚಿಗೆ ಚಾಚಿ ಹಾಕಿದ. ಕಲ್ಲುಕಟ್ಟೆ ಹತ್ತಲು ಮರಿಗಳಿಗೆ ಆಗುತ್ತಿರಲಿಲ್ಲ. ಅಂಗಡಿಯ ಬೆಂಚಿನ ಹಲಗೆಯನ್ನೇ ಕಿತ್ತು ಇಳಿಜಾರಾಗಿ ಇಟ್ಟ. ಅಂದಿನಿಂದ ಬ್ರೆಡ್ಡು ತರುವ ಮಕ್ಕಳಿಗೆ ಅವನ ಉಪನ್ಯಾಸ, ಕಾಗೆಗಳಿಗೆ ಅವನ ಟವೆಲ್ಲು. ಗಿರಾಕಿಗಳು ಅರ್ಧ ತಲೆಯಲ್ಲಿ ಕಾಯುವುದನ್ನು ಕಲಿತರು. ಜೊಂಡು ಮೊದಲು ಗೇಣುದ್ದ, ಆಮೇಲೆ ಮೊಳದುದ್ದ ಬೆಳೆಯಿತು.

ಆಗ ಬಂದರು ನಗರಸಭೆಯ ನಿರೀಕ್ಷಕರು. “ಏನ್ರೀ ಇದು, ಕಾಡು ಬೆಳೆಸಿದ್ದೀರಾ? ನಾಳೆ ಆಳು ಕಳಿಸ್ತೀನಿ, ಎಲ್ಲ ಸವರಿಬಿಡ್ಲಿ.”

“ಸಾರ್, ಅದಕ್ಕೂ ಮುಂಚೆ ನನ್ನ ತಲೆ ಬೋಳಿಸಿ!” ಬೀದಿಯ ಮಹಾ ನುಣುಪುಗಾರ ಜೊಂಡಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತ. “ಬಾತಿನ ಮರಿಗಳು ಹಾರೋವರೆಗಾದ್ರೂ ಬಿಡಿ. ಒಂದ್ಸಲ ಸವರಿ ಏಳು ಕಳ್ಕೊಂಡಿದ್ದೀನಿ.”

ಅವನ ದನಿ ಒಡೆದದ್ದು ಕಂಡು ನಿರೀಕ್ಷಕರು ತಬ್ಬಿಬ್ಬಾದರು. “ಎಲ್ರೀ ಇವೆ?” ಎಂದರು ಮೆಲ್ಲಗೆ.

ತಾಯಿ ಬಾತು ಜೊಂಡು ಸೀಳಿಕೊಂಡು ಹೊರಬಂತು. ಹಿಂದೆ ಒಂದು, ಎರಡು, ಮೂರು. ನುಣುಪಣ್ಣನ ಮುಖ ಬಿಳುಚಿತು. ಸ್ವಲ್ಪ ಹೊತ್ತು ನೀರು ಸುಮ್ಮನಿತ್ತು. ಆಮೇಲೆ ತಲೆಯ ಮೇಲೆ ಪಾಚಿ ಹೊತ್ತುಕೊಂಡು ನಾಲ್ಕನೆಯದು ತನಗೇನೂ ಅವಸರವಿಲ್ಲವೆಂಬಂತೆ ಬಂತು.

“ಹಾರ್ಲಿ ಬಿಡಿ,” ಎಂದರು ನಿರೀಕ್ಷಕರು.

ಮೇಲೊಂದು ಹದ್ದಿನ ನೆರಳು ಸುಳಿಯಿತು. ಐದೂ ಸರಕ್ಕನೆ ಜೊಂಡಿನೊಳಗೆ ನುಗ್ಗಿದವು. ನುಣುಪಣ್ಣ ಬಗ್ಗಿ ನೋಡಿದ, ಕೂತು ನೋಡಿದ, ಒಂದೂ ಕಾಣಲಿಲ್ಲ. ಕಿಟಕಿಯತ್ತ ತಿರುಗಿ ಮಗುವಿನಂತೆ ಕೂಗಿದ:

“ಅಕ್ಕಾ, ಒಂದೂ ಕಾಣಿಸ್ತಿಲ್ಲ ಕಣೇ!”